ಎಂಬಿಎ: ಅಂಕಕ್ಕಿಂತ ಮೊದಲು ನಡತೆ ನೋಡಿ



ಎಂಬಿಎ ತರಗತಿಗಳಲ್ಲಿ ನಡೆಯುವ ಗುಂಪು ಚರ್ಚೆಯನ್ನು ಒಮ್ಮೆ ಕೂತು ನೋಡಬೇಕು. ಪಕ್ಕದವನ ಮಾತನ್ನು ಅರ್ಧಕ್ಕೇ ತುಂಡರಿಸಿ, ಅವನ ವಿಚಾರವನ್ನೇ ತನ್ನದೆಂಬಂತೆ ಗಟ್ಟಿ ದನಿಯಲ್ಲಿ ಹೇಳಿದವನಿಗೆ ‘ನಾಯಕತ್ವ ಗುಣ’ದ ಅಂಕ ಸಿಕ್ಕಿಬಿಡುತ್ತದೆ. ನಿದ್ದೆಗೆಟ್ಟು ಪ್ರಾಜೆಕ್ಟ್ ವರದಿ ಸಿದ್ಧಪಡಿಸಿದ ಹುಡುಗಿ ಹಿಂದಿನ ಸಾಲಿನಲ್ಲಿ ಉಳಿಯುತ್ತಾಳೆ, ಮೈಕು ಇನ್ನೊಬ್ಬನ ಕೈಯಲ್ಲಿರುತ್ತದೆ. ಇದು ನನಗೆ ನಿಜಕ್ಕೂ ಆತಂಕದ ವಿಷಯ.

ಆತ್ಮರತಿ, ಕುಟಿಲ ತಂತ್ರಗಾರಿಕೆ, ಪರರ ನೋವಿಗೆ ಮರುಗದ ಮನಸ್ಸು: ಈ ಮೂರನ್ನು ಮನಶ್ಶಾಸ್ತ್ರಜ್ಞರಾದ ಪಾಲ್ಹಸ್ ಮತ್ತು ವಿಲಿಯಮ್ಸ್ 2002ರಲ್ಲೇ ‘ಡಾರ್ಕ್ ಟ್ರಯಾಡ್’ ಎಂದು ಕರೆದರು. ತರಗತಿಯಲ್ಲಿ ಇಂಥ ಗುಣಗಳಿಗೇ ಅಂಕ ಸಿಗುತ್ತಿದೆಯೇನೋ ಎಂಬ ಅನುಮಾನ ನನ್ನದು. ಅಮೆರಿಕ, ಕೆನಡಾಗಳಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ, ಬಿಸಿನೆಸ್ ಸ್ನಾತಕೋತ್ತರ ವಿದ್ಯಾರ್ಥಿಗಳ ಪೈಕಿ ಶೇ 56ರಷ್ಟು ಮಂದಿ ಓದಿನಲ್ಲಿ ಮೋಸ ಮಾಡಿದ್ದಾಗಿ ಒಪ್ಪಿಕೊಂಡಿದ್ದರು. ಉಳಿದ ವಿಭಾಗಗಳಲ್ಲಿ ಆ ಪ್ರಮಾಣ ಶೇ 47. ಅಮೆರಿಕದ ಎನ್ರಾನ್ ಕಂಪನಿಯ ವಂಚನೆ ಹಗರಣದಲ್ಲಿ ಜೈಲು ಸೇರಿದ ಅದರ ಮಾಜಿ ಮುಖ್ಯಸ್ಥ ಜೆಫ್ರಿ ಸ್ಕಿಲ್ಲಿಂಗ್ ಕೂಡ ಹಾರ್ವರ್ಡ್‌ನಲ್ಲಿ ಎಂಬಿಎ ಓದಿದವರೇ. ಕಂಪನಿ 2001ರಲ್ಲಿ ದಿವಾಳಿಯಾದಾಗ ಸಾವಿರಾರು ನೌಕರರು ಕೆಲಸದ ಜತೆಗೆ ನಿವೃತ್ತಿಗೆಂದು ಕೂಡಿಟ್ಟ ಹಣವನ್ನೂ ಕಳೆದುಕೊಂಡರು.

ಇಂಥ ನಡತೆಯನ್ನು ತಡೆಯಲು ಪ್ರವೇಶಕ್ಕೆ ವ್ಯಕ್ತಿತ್ವ ಪರೀಕ್ಷೆ ಇಟ್ಟರೆ ಸಾಲದು, ಚಾಲಾಕಿಗಳು ಬೇಕಾದ ಉತ್ತರವನ್ನೇ ಗುರುತು ಹಾಕುತ್ತಾರೆ. ಅದರ ಬದಲು ಪ್ರಾಜೆಕ್ಟ್ ಅಂಕಗಳಲ್ಲಿ ಒಂದು ಪಾಲನ್ನು ಸಹಪಾಠಿಗಳೇ ಗುಟ್ಟಾಗಿ ನೀಡುವಂತಾಗಲಿ. ಇಂಟರ್ನ್‌ಶಿಪ್ ವರದಿಯಲ್ಲಿ ಕಿರಿಯ ಸಿಬ್ಬಂದಿಯ ಅಭಿಪ್ರಾಯವೂ ಸೇರಲಿ. ನಮ್ಮ ವಿಶ್ವವಿದ್ಯಾಲಯಗಳು ಮುಂದಿನ ಶೈಕ್ಷಣಿಕ ವರ್ಷದಿಂದಲೇ ಇದನ್ನು ಜಾರಿಗೆ ತರಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ವಾಣಿಜ್ಯ ಉಪನ್ಯಾಸಕ, ದಾವಣಗೆರೆ