ಉಸ್ತಾದರ ಸಂಬಳ: ಎರಡು ಗಂಟೆಯ ಲೆಕ್ಕ ಸಾಕಾ?

ರಮಳಾನ್ ರಜೆ ಮುಗಿದು ಮದ್ರಸ ಬಾಗಿಲು ತೆರೆಯುವ ಹೊತ್ತಿಗೆ ನಮ್ಮ ಜಮಾಅತ್‌ಗಳಲ್ಲಿ ಒಂದು ಮಾತು ಬಂದೇ ಬರುತ್ತದೆ. ಉಸ್ತಾದರು ಸಂಬಳ ಜಾಸ್ತಿ ಕೇಳ್ತಿದ್ದಾರಂತೆ! ಬೆಳಗ್ಗೆ ಎರಡು ಗಂಟೆ ಕಲಿಸ್ಲಿಕ್ಕೆ ಇಷ್ಟು ಸಾಲದಾ ಎಂದು ಒಬ್ಬರು, ಇಖ್ಲಾಸ್ ಇದ್ದವರಿಗೆ ಹಣದ ಚಿಂತೆ ಯಾಕೆ ಎಂದು ಇನ್ನೊಬ್ಬರು.

ಅಬೂಬಕರ್ ಸಿದ್ದೀಕ್ (ರ) ಬಟ್ಟೆ ವ್ಯಾಪಾರಿ. ಖಲೀಫರಾದ ಮೇಲೂ ವ್ಯಾಪಾರಕ್ಕೆ ಹೊರಟಿದ್ದರು. ಸಹಾಬಿಗಳು ತಡೆದು, ಬೈತುಲ್ ಮಾಲ್‌ನಿಂದ ಅವರ ಮನೆಖರ್ಚಿಗೆ ಭತ್ಯೆ ನಿಗದಿ ಮಾಡಿದರು. ಅವರ ಇಖ್ಲಾಸಿನ ಬಗ್ಗೆ ಯಾರಿಗಾದರೂ ಸಂಶಯ ಉಂಟಾ?

ಇನ್ನು ಎರಡು ಗಂಟೆಯ ಲೆಕ್ಕ. ಬೆಳಗ್ಗೆ ಕ್ಲಾಸು, ಸಂಜೆ ಮತ್ತೆ ಕ್ಲಾಸು, ನಡುವೆ ಮಯ್ಯಿತ್, ಮೌಲಿದ್, ಇಮಾಮರು ಊರಿಗೆ ಹೋದರೆ ಇಮಾಮತ್. ಹೀಗೆ ದಿನವಿಡೀ ಊರಲ್ಲೇ ಇರಬೇಕಾದವನಿಗೆ ಬೇರೆ ಕೆಲಸ ಕೊಡುವವರು ಯಾರು? ಚೆಲವಿನ ಊಟವನ್ನೂ ಸಂಬಳಕ್ಕೆ ಸೇರಿಸಿ ಹೇಳುವವರಿದ್ದಾರೆ. ಆ ಊಟ ಉಸ್ತಾದರ ಹೊಟ್ಟೆ ತುಂಬಿಸುತ್ತದೆ, ಸರಿ. ಊರಲ್ಲಿರುವ ಹೆಂಡತಿ ಮಕ್ಕಳಿಗೆ ಅದು ಮುಟ್ಟುವುದಿಲ್ಲವಲ್ಲ.

ಸರಕಾರ ಕೊಡುತ್ತದಲ್ಲ ಎನ್ನುವವರಿಗೂ ಒಂದು ಮಾತು. 2025ರ ಬಜೆಟ್‌ನಲ್ಲಿ ಪೇಶ್ ಇಮಾಮರ ಗೌರವಧನ 6,000, ಮುಅಝ್ಝಿನರದ್ದು 5,000 ರೂಪಾಯಿ ಆಯಿತು. ಒಳ್ಳೆಯದೇ. ಆದರೆ ಮದ್ರಸದಲ್ಲಿ ಮಾತ್ರ ಕಲಿಸುವವನು ಆ ಪಟ್ಟಿಯಲ್ಲಿಲ್ಲ. ಸರಕಾರಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ಅದೇ ವರ್ಷ 2 ಸಾವಿರ ಏರಿಸಿ 12 ಸಾವಿರ ಮಾಡಿದರು. ಅದೂ ಸಾಲದೆಂದು ಅವರು ಹೇಳುತ್ತಿದ್ದಾರೆ, ನ್ಯಾಯವೇ.

ಕಾನೂನಿನಲ್ಲೂ ಮೇಷ್ಟ್ರುಗಳ ಸ್ಥಿತಿ ವಿಚಿತ್ರ. ಗೋವಾದ ಒಬ್ಬ ಶಿಕ್ಷಕಿಯ ಕೇಸಿನಲ್ಲಿ 1988ರಲ್ಲಿ ಸುಪ್ರೀಂ ಕೋರ್ಟು, ಕೈಗಾರಿಕಾ ವಿವಾದ ಕಾಯ್ದೆಯಡಿ ಶಿಕ್ಷಕರು ‘ಕೆಲಸಗಾರ’ರಲ್ಲ ಎಂದಿತು. ಕಲಿಸುವುದು ದೊಡ್ಡ ಸೇವೆಯಂತೆ! ಗೌರವ ಸಿಕ್ಕಿತು, ರಕ್ಷಣೆ ತಪ್ಪಿತು. ಗ್ರಾಚ್ಯುಟಿ ಸಿಗಲು 2009ರ ತಿದ್ದುಪಡಿಯೇ ಬರಬೇಕಾಯಿತು. ಅದೂ ಹತ್ತು ಮಂದಿ ಕೆಲಸಕ್ಕಿರುವ ಸಂಸ್ಥೆಗೆ. ನಮ್ಮ ಹೆಚ್ಚಿನ ಮದ್ರಸಗಳಲ್ಲಿ ಇರುವುದೇ ಮೂರು ನಾಲ್ಕು ಉಸ್ತಾದರು.

ತಲಪಾಡಿ ದಾಟಿದರೆ ಕಥೆ ಬೇರೆ. ಕೇರಳದಲ್ಲಿ ಮದ್ರಸ ಶಿಕ್ಷಕರ ಕ್ಷೇಮನಿಧಿಗೆ 2019ರಲ್ಲಿ ಕಾನೂನೇ ಬಂದಿದೆ. ಉಸ್ತಾದರೂ ಕಮಿಟಿಯೂ ಸ್ವಲ್ಪ ಸ್ವಲ್ಪ ಕಟ್ಟುತ್ತಾರೆ, ವಯಸ್ಸಾದ ಮೇಲೆ ಪಿಂಚಣಿ ಬರುತ್ತದೆ. ನಮ್ಮ ಶಾಸಕರ ಮುಂದೆ ಇಡಬೇಕಾದ ಬೇಡಿಕೆ ಇದು.

ಅಲ್ಲಿಯವರೆಗೆ ಭಾರ ಜಮಾಅತ್‌ನದ್ದೇ. ಶಾಲಾ ವ್ಯಾನಿನ ಬಾಡಿಗೆ ಏರಿದರೆ ನಾವು ತುಟಿ ಬಿಚ್ಚುವುದಿಲ್ಲ, ಮದ್ರಸ ಫೀಸಿಗೆ ಐವತ್ತು ರೂಪಾಯಿ ಸೇರಿಸಿದರೆ ಕಮಿಟಿಯ ಮನೆಬಾಗಿಲಿಗೆ ಹೋಗುತ್ತೇವೆ. ಈ ಸಲದ ಮಹಾಸಭೆಯಲ್ಲಿ ಬಣ್ಣ, ಕಾರ್ಪೆಟ್, ಮೈಕಿನ ಲೆಕ್ಕ ಮುಗಿದ ಮೇಲೆ ಅಲ್ಲ, ಅದಕ್ಕಿಂತ ಮೊದಲು ಸಂಬಳದ ವಿಷಯ ತೆಗೆಯಿರಿ. ಉಸ್ತಾದರನ್ನೂ ಕರೆದು ಕೂರಿಸಿ ಕೇಳಿ.