ದುರಸ್ತಿಗೆ ಕೊಟ್ಟ ಸಾಮಾನು ಸುಟ್ಟರೆ ಹೊಣೆ ಯಾರದು?



ಲೋಹಾರಾದ ನಮ್ಮ ಸಭೆಯಲ್ಲಿ ಈ ಬೇಸಿಗೆಯಲ್ಲಿ ಎದ್ದ ಒಂದು ವಾದ ಇನ್ನೂ ತಣ್ಣಗಾಗಿಲ್ಲ. ಅದನ್ನು ಮುಚ್ಚಿಡುವುದಕ್ಕಿಂತ ಈ ಪತ್ರಿಕೆಯಲ್ಲಿ ಬಿಚ್ಚಿ ಹೇಳುವುದೇ ಲೇಸೆಂದು ನಮಗೆ ತೋರಿದೆ. ಕೆಲವರಿಗೆ ಕೋಪ ಬಂದೀತು. ಬರಲಿ.

ಸಂಗತಿ ಇಷ್ಟು. ನಮ್ಮ ಸಭೆಯ ಒಬ್ಬ ವಿಧವೆ ತಾಯಿ ಹೊಲಿಗೆಯಿಂದಲೇ ಮೂರು ಹೊಟ್ಟೆ ಹೊರೆಯುವವರು. ಮಶೀನು ಹೊಲಿಗೆ ತಪ್ಪತೊಡಗಿದ್ದರಿಂದ ರಿಪೇರಿ ಅಂಗಡಿಗೆ ಒಯ್ದು ಕೊಟ್ಟರು. ಅಂಗಡಿಯವರೂ ನಮ್ಮ ಸಭೆಯವರೇ. ಮುಂದಿನ ಸಾಲಿನಲ್ಲಿ ಕೂಡುವವರು. ಅಲ್ಲಿ ವೆಲ್ಡಿಂಗೂ ಉಂಟು, ಮಶೀನು ರಿಪೇರಿಯೂ ಉಂಟು. ಜೂನಿನಲ್ಲಿ ಶಾಲೆ ತೆರೆಯುವುದರೊಳಗೆ ಮಕ್ಕಳ ಯೂನಿಫಾರ್ಮ್ ಹೊಲಿದು ಕೊಡಬೇಕೆಂದು ಆ ತಾಯಿ ಹೇಳಿಯೇ ಕೊಟ್ಟಿದ್ದರು. "ನಾಕ್ ದಿನ ಬಿಟ್ಟು ಬಾ ಅಕ್ಕಾ" ಎಂದರು. ಐದನೆಯ ದಿನ ಹೋದರೆ ನಾಳೆ, ಎಂಟನೆಯ ದಿನ ಹೋದರೆ ನಾಡಿದ್ದು. ಹನ್ನೆರಡನೆಯ ರಾತ್ರಿ ಅಂಗಡಿಗೆ ಬೆಂಕಿ ಬಿತ್ತು. ಸಂಜೆ ವೆಲ್ಡಿಂಗ್ ನಡೆದ ಜಾಗದಲ್ಲೇ ಎಣ್ಣೆ ಒರಸಿದ ಅರಿವೆಗಳ ರಾಶಿ, ಅದರ ಪಕ್ಕದಲ್ಲಿ ಪೆಟ್ರೋಲಿನ ಡಬ್ಬಿ. ಮಶೀನಿನ ಮೇಜು ಬೂದಿಯಾಯಿತು, ಕಬ್ಬಿಣ ಬಿರಿಯಿತು.

ಕೇಳಲು ಹೋದ ತಾಯಿಗೆ ಸಿಕ್ಕ ಉತ್ತರ: "ಅಕ್ಕಾ, ನಂದೂ ಎಲ್ಲಾ ಸುಟ್ಟು ಹೋಗ್ಯಾದ. ದೇವರ ಇಚ್ಛಾ. ನಾ ಎಲ್ಲಿಂದ ತಂದು ಕೊಡ್ಲಿ?" ಸಭೆಯ ಹಿರಿಯರು ಅದಕ್ಕೆ ತಲೆದೂಗಿ, "ಕ್ಷಮಾ ಮಾಡಿಬಿಡು ತಂಗಿ, ಕರ್ತನು ಇನ್ನೊಂದು ಕೊಡ್ತಾನ" ಎಂದರು.

ನಾವು ಕೇಳುವುದೇನೆಂದರೆ, ಪೆಟ್ರೋಲಿನ ಡಬ್ಬಿಯನ್ನು ಅಲ್ಲಿಟ್ಟದ್ದು ದೇವರೇ?

ದೇವರ ಕೃತ್ಯ ಎಂದು ಲೋಕ ಯಾವುದನ್ನು ಕರೆಯುತ್ತದೆಂಬುದನ್ನು ಈ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಕೆಲವೇ ನಿಮಿಷ ಇರುವಾಗ ಕಿಲ್ಲಾರಿಯೂ ನಮ್ಮ ಸಾಸ್ತೂರೂ ಕುಸಿದು, ಸುತ್ತಲ ಹಳ್ಳಿಗಳೂ ಸೇರಿ ಸುಮಾರು 10,000 ಜನ ಸತ್ತರು. ಅಂಥ ದಿನ ಯಾರ ಮನೆಯಲ್ಲಿ ಯಾರ ಸಾಮಾನು ಇತ್ತೆಂದು ಕೇಳುವುದು ನ್ಯಾಯವೂ ಅಲ್ಲ, ಮನುಷ್ಯತ್ವವೂ ಅಲ್ಲ. ಅದನ್ನೂ ಈ ಡಬ್ಬಿಯನ್ನೂ ಒಂದೇ ಬಾಯಲ್ಲಿ "ದೇವರ ಇಚ್ಛೆ" ಎನ್ನುವವರು ತಮ್ಮ ಅಲಕ್ಷ್ಯವನ್ನು ದೇವರ ಕೊರಳಿಗೆ ಕಟ್ಟುತ್ತಿದ್ದಾರೆ. ಇದಕ್ಕೆ ನಾವು ಭಕ್ತಿ ಎನ್ನಲಾರೆವು.

ವೇದ ಓದುವವರು ವಿಮೋಚನಕಾಂಡದ 22ನೆಯ ಅಧ್ಯಾಯ ತೆಗೆಯಲಿ. ಉಪದೇಶ ಪಾಠದಲ್ಲಿ ದಶಾಜ್ಞೆ ಕಲಿಸಿ ಮುಂದಿನ ಪುಟ ಮಗುಚುವ ಅಭ್ಯಾಸ ನಮಗೂ ಇತ್ತು, ಒಪ್ಪಿಕೊಳ್ಳುತ್ತೇವೆ. ಆ ಅಧ್ಯಾಯದಲ್ಲಿ ಹೊತ್ತಿಸಿದ ಬೆಂಕಿ ಮುಳ್ಳಿಗೆ ತಗುಲಿ ನೆರೆಯವನ ತೆನೆ ಸುಟ್ಟರೆ, ಹೊತ್ತಿಸಿದವನೇ ಬದಲು ಕೊಡಬೇಕೆಂದಿದೆ. ಕಾಯಲು ಕೊಟ್ಟ ಪಶು ಕಳವಾದರೆ ಕಾಯುವವನು ಕೊಡಬೇಕು. ಕಾಡುಮೃಗ ಸೀಳಿದ್ದರೆ ಉಳಿದದ್ದನ್ನು ತಂದು ತೋರಿಸಬೇಕು, ಆಗ ಕೊಡಬೇಕಾಗಿಲ್ಲ. ಎಷ್ಟು ನವಿರಾದ ವಿಂಗಡಣೆ ನೋಡಿರಿ! ಎಲ್ಲ ನಷ್ಟವನ್ನೂ ಇಟ್ಟುಕೊಂಡವನ ತಲೆಗೆ ಹಾಕಿಲ್ಲ, ಎಲ್ಲವನ್ನೂ ಕೊಟ್ಟವನ ತಲೆಗೂ ಹಾಕಿಲ್ಲ. ಧರ್ಮೋಪದೇಶಕಾಂಡದ 24ರಲ್ಲಿ ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬಾರದು, ಅದು ಜೀವವನ್ನೇ ಒತ್ತೆ ಹಿಡಿದಂತೆ ಎಂಬ ಅರ್ಥದ ಮಾತಿದೆ. ಹೊಲಿಗೆಯ ಮಶೀನು ಈ ತಾಯಿಯ ಬೀಸುವ ಕಲ್ಲು.

ದೇಶದ ಕಾಯಿದೆಯೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ. 1872ರ ಕರಾರು ಕಾಯಿದೆಯ 151ನೆಯ ಕಲಮಿನ ಪ್ರಕಾರ, ಒಪ್ಪಿಸಿಕೊಂಡ ಸಾಮಾನನ್ನು ಸಾಮಾನ್ಯ ಬುದ್ಧಿಯ ಮನುಷ್ಯ ತನ್ನ ಸಾಮಾನನ್ನು ಕಾಯುವಂತೆ ಕಾಯಬೇಕು. ಹಾಗೆ ಕಾಯ್ದೂ ಹಾಳಾದರೆ, ಬೇರೆ ಕರಾರಿಲ್ಲದಿದ್ದಲ್ಲಿ, ಅವನು ಹೊಣೆಯಲ್ಲವೆಂದು 152ನೆಯದು. "ನಂದೂ ಸುಟ್ಟಿತು" ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ತನ್ನದನ್ನೇ ಅಲಕ್ಷ್ಯದಿಂದ ಇಟ್ಟವನಿಗೆ ಇನ್ನೊಬ್ಬರದನ್ನು ಹಾಗೆ ಇಡುವ ಹಕ್ಕು ಬರುವುದಿಲ್ಲ. ಎಲ್ಲಕ್ಕಿಂತ ಬಿಗಿಯಾದದ್ದು 161ನೆಯ ಕಲಮು. ತನ್ನ ತಪ್ಪಿನಿಂದ ಹೊತ್ತಿಗೆ ಸರಿಯಾಗಿ ಸಾಮಾನು ಹಿಂದಿರುಗಿಸದವನು ಆ ಹೊತ್ತಿನಿಂದ ಆಗುವ ನಷ್ಟಕ್ಕೆಲ್ಲ ಹೊಣೆ. ನಾಲ್ಕು ದಿನ ಎಂದವರು ಹನ್ನೆರಡನೆಯ ರಾತ್ರಿಯೂ ಇಟ್ಟುಕೊಂಡಿದ್ದರಲ್ಲ! ಬೆಂಕಿ ಎಲ್ಲಿಂದ ಬಂತೆಂಬ ಪ್ರಶ್ನೆಯೇ ಆಮೇಲೆ ಚಿಕ್ಕದಾಗುತ್ತದೆ.

ಇನ್ನು ಕೆಲವರು ಗೋಡೆಗೆ ಬೋರ್ಡು ಹಾಕಿ, ಚೀಟಿಯ ಹಿಂದೆ ಸಣ್ಣಕ್ಷರದಲ್ಲಿ "ನಷ್ಟಕ್ಕೆ ನಾವು ಜವಾಬ್ದಾರರಲ್ಲ" ಎಂದು ಅಚ್ಚು ಹಾಕಿಸಿ ನಿಶ್ಚಿಂತರಾಗಿದ್ದಾರೆ. ಮದ್ರಾಸಿನ ಒಂದು ಲಾಂಡ್ರಿಯವರು ಬಟ್ಟೆ ಕಳೆದರೆ ಬೆಲೆಯ ಶೇಕಡಾ 15 ಮಾತ್ರ ಕೊಡುವೆವೆಂದು ಚೀಟಿಯಲ್ಲಿ ಅಚ್ಚು ಹಾಕಿಸಿದ್ದರು. ಒಂದು ಸೀರೆ ಕಳೆಯಿತು. ಇಂಥ ಷರತ್ತು ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು ಅಲ್ಲಿಯ ಹೈಕೋರ್ಟು ತಳ್ಳಿಹಾಕಿದ್ದು 1966ರ ವರದಿಗಳಲ್ಲಿದೆ. ದಿಲ್ಲಿಯ ಹೋಟೆಲೊಂದರಲ್ಲಿ ಸಿಬ್ಬಂದಿಯ ಕೈಗೆ ಕೀಲಿ ಕೊಟ್ಟ ಕಾರು 1998ರಲ್ಲಿ ಕಳವಾದಾಗ, ಟೋಕನ್ನಿನಲ್ಲಿ "ಮಾಲೀಕರ ಹೊಣೆ" ಎಂದು ಬರೆದಿದ್ದರೂ ಸುಪ್ರೀಂ ಕೋರ್ಟು 2019ರ ನವೆಂಬರಿನಲ್ಲಿ ಹೋಟೆಲನ್ನೇ ಹೊಣೆ ಮಾಡಿತು. ಜಾಗ್ರತೆ ವಹಿಸಿದ್ದೆವೆಂದು ತೋರಿಸಬೇಕಾದವರು ಸಾಮಾನು ಇಟ್ಟುಕೊಂಡವರೇ ಎಂದಿತು.

ಈಗ ಹಿರಿಯರ ಆಕ್ಷೇಪಕ್ಕೆ ಬರೋಣ. ವಿಶ್ವಾಸಿಗಳು ಕೋರ್ಟಿಗೆ ಹೋಗಬಾರದೆಂದು 1 ಕೊರಿಂಥದ 6ನ್ನು ತೋರಿಸುತ್ತಾರೆ. ಸರಿ. ಆದರೆ ಅದೇ ಅಧ್ಯಾಯದಲ್ಲಿ ಪೌಲನು, ಸಹೋದರರ ವ್ಯಾಜ್ಯ ತೀರಿಸಬಲ್ಲ ಬುದ್ಧಿವಂತನೊಬ್ಬನೂ ನಿಮ್ಮಲ್ಲಿಲ್ಲವೋ ಎಂದು ಸಭೆಯನ್ನೇ ನಾಚಿಸುತ್ತಾನೆ. ಎರಡೂ ಕಡೆಯನ್ನು ಕೂಡಿಸಿ ಕೇಳಲು ಒಂದು ಸಂಜೆ ಕೂಡದ ಸಭೆಗೆ "ಕೋರ್ಟಿಗೆ ಹೋಗಬೇಡ" ಎನ್ನುವ ಬಾಯಿ ಎಲ್ಲಿಂದ ಬಂತು? ಕ್ಷಮೆಯೂ ಬೇಕು, ಬೇಡವೆನ್ನುವವರಾರು? ಆದರೆ ಸಾಲಗಾರನೇ ಎದುರು ನಿಂತು "ಕ್ಷಮಿಸು" ಎಂದು ಹುಕುಂ ಕೊಟ್ಟರೆ ಅದು ಕ್ಷಮೆಯಲ್ಲ. ಜಕ್ಕಾಯನು ಯಾರೂ ಕೇಳುವ ಮೊದಲೇ ಎದ್ದು ನಿಂತು ನಾಲ್ಕರಷ್ಟು ಕೊಡುತ್ತೇನೆಂದ. ನಾವು ಒಂದರಷ್ಟೇ ಕೇಳಿದ್ದು.

ಇನ್ನೊಂದು ಮಾತನ್ನು ಬರೆಯಲು ನಮಗೆ ನಾಚಿಕೆಯಾಗುತ್ತದೆ. ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ಹುಡುಗ ಕೆಲಸಕ್ಕಿದ್ದಾನೆ. ತಾಯಿ ಬಿಡದೆ ಕೇಳತೊಡಗಿದ ಮೇಲೆ ಅಂಗಡಿಯವರು ಆ ಹುಡುಗನ ಪಗಾರದಲ್ಲಿ ಮುರಿದುಕೊಳ್ಳಲು ಶುರುಮಾಡಿದರು, ಡಬ್ಬಿ ಅವನೇ ಇಟ್ಟಿದ್ದನಂತೆ. ಇಡಲು ಬೇರೆ ಜಾಗ ಇದ್ದರಲ್ಲವೇ? ನಷ್ಟಕ್ಕೆ ಕೆಲಸಗಾರನ ಅಲಕ್ಷ್ಯವೇ ನೇರ ಕಾರಣವಾಗಿರಬೇಕು, ಅವನಿಗೆ ಹೇಳಿಕೊಳ್ಳುವ ಅವಕಾಶ ಕೊಟ್ಟಿರಬೇಕು ಎಂಬ ನೇಮ 1936ರ ವೇತನ ಪಾವತಿ ಕಾಯಿದೆಯಲ್ಲಿತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಅವನನ್ನು ಯಾರೂ ಕೇಳಿಯೇ ಇಲ್ಲ. ವಿಧವೆಗೆ ಕೊಡಬೇಕಾದದ್ದನ್ನು ಕೂಲಿಯವನಿಂದ ಕಸಿದು ಕೊಟ್ಟರೆ ಅದು ಪರಿಹಾರವಲ್ಲ.

ರಿಪೇರಿಯವರೆಲ್ಲ ಕಳ್ಳರೆಂದು ನಾವು ಹೇಳುತ್ತಿಲ್ಲ. ಅವರೂ ದುಡಿಯುವವರೇ, ಕೂಲಿ ಕೊಡುವ ತನಕ ಸಾಮಾನು ಹಿಡಿದಿಟ್ಟುಕೊಳ್ಳುವ ಹಕ್ಕು ಅವರಿಗೆ 170ನೆಯ ಕಲಮಿನಲ್ಲಿದೆ. ನಮ್ಮವರದೂ ತಪ್ಪಿದೆ. ಆ ತಾಯಿಯ ಕೈಯಲ್ಲಿ ಚೀಟಿ ಇರಲಿಲ್ಲ, ಮಶೀನಿನ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆದದ್ದೇ ದಾಖಲೆ. ಅದೂ ಸುಟ್ಟಿತು. ಕೊಡುವಾಗ ಜೊತೆಗಿದ್ದ ನೆರೆಯವಳು ಸಾಕ್ಷಿ ನುಡಿದದ್ದರಿಂದ ಬದುಕಿಕೊಂಡೆವು.

ಮೊದಲು ನಾವಿಬ್ಬರು ಹೋಗಿ ಮಾತಾಡಿದೆವು, ಆಮೇಲೆ ಮತ್ತಿಬ್ಬರನ್ನು ಕರೆದುಕೊಂಡು ಹೋದೆವು. ಮತ್ತಾಯ 18ರ ಕ್ರಮವೂ ಅದೇ. ಮೂರನೆಯ ಬಾರಿ ಹದಿನೈದು ದಿನದ ವಾಯಿದೆ ಹಾಕಿ ನೋಟೀಸು ಬರೆದೆವು, ಮರಾಠಿಯಲ್ಲಿ. ನಮ್ಮ ಗಡಿಯ ಕನ್ನಡಿಗರ ಪಾಡು ಇದು: ಅಳುವುದು ಕನ್ನಡದಲ್ಲಿ, ಅರ್ಜಿ ಮರಾಠಿಯಲ್ಲಿ. ಕೊಡದಿದ್ದರೆ ಧಾರಾಶಿವದ, ಅಂದರೆ ನಮ್ಮ ಬಾಯಲ್ಲಿ ಇನ್ನೂ ಉಸ್ಮಾನಾಬಾದಿನ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವೆವೆಂದು ಅದರಲ್ಲಿ ತಿಳಿಸಿದೆವು. 2019ರ ಗ್ರಾಹಕ ಕಾಯಿದೆಯ ಪ್ರಕಾರ ಎರಡು ವರ್ಷದೊಳಗೆ ದೂರು ಕೊಡಬಹುದು, ವಕೀಲರು ಬೇಕೆಂದಿಲ್ಲ, ಇಂಥ ಸಣ್ಣ ಮೊತ್ತಕ್ಕೆ ಶುಲ್ಕವಿಲ್ಲ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವರನ್ನು ವ್ಯಾಪಾರಿಗಳೆಂದು ತಳ್ಳಿಹಾಕುವಂತಿಲ್ಲ. 1915ಕ್ಕೆ ಫೋನು ಮಾಡಿದರೆ ದಾರಿ ಹೇಳುತ್ತಾರೆ.

ನೋಟೀಸು ಮುಟ್ಟಿದ ಹತ್ತನೆಯ ದಿನ ಅಂಗಡಿಯವರು ಒಂದು ಹಳೆಯ ಮಶೀನನ್ನು ಸರಿಮಾಡಿ ತಂದು ಆ ತಾಯಿಯ ಮನೆಯಲ್ಲಿ ಇಟ್ಟು ಹೋದರು. ಮಾತಾಡಲಿಲ್ಲ. ಯೂನಿಫಾರ್ಮಿನ ಹೊಲಿಗೆ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಅದರ ನಷ್ಟವನ್ನು ತಾಯಿ ತಾವಾಗಿಯೇ ಬಿಟ್ಟುಕೊಟ್ಟರು. ಹುಡುಗನ ಎರಡು ತಿಂಗಳ ಮುರಿತ ಮಾತ್ರ ಇನ್ನೂ ಬಂದಿಲ್ಲ. ಬರುವ ರವಿವಾರ ಆರಾಧನೆ ಮುಗಿದ ಮೇಲೆ ಆ ಲೆಕ್ಕದ ಚೀಟಿ ಹಿಡಿದು ಮತ್ತೆ ಅಂಗಡಿಗೆ ಹೋಗುವವರಿದ್ದೇವೆ. ಹಿರಿಯರನ್ನೂ ಕರೆದಿದ್ದೇವೆ.