ಕೆರೆಯ ನೀರೂ ನೀರುಗಂಟಿಯೂ

ನಾನು ಗುಬ್ಬಿ ತಾಲ್ಲೂಕಿನವನು. ಹಾಸ್ಟೆಲಿನಲ್ಲಿ ನನ್ನ ಕೊಠಡಿಯ ಮಿತ್ರನು ಕುಣಿಗಲ್ ಕಡೆಯವನು. ಎರಡು ವರ್ಷಗಳಿಂದ ಒಂದೇ ಡಬ್ಬಿಯ ಚಟ್ನಿಪುಡಿ ಹಂಚಿಕೊಂಡು ತಿಂದ ನಾವು, 2025ರಲ್ಲಿ ಹೇಮಾವತಿಯ ಲಿಂಕ್ ಕಾಲುವೆಯ ವಿರುದ್ಧ ಗುಬ್ಬಿಯ ಕಡೆ ಪ್ರತಿಭಟನೆಯಾದಾಗ ಮೂರು ದಿನ ಮಾತು ಬಿಟ್ಟೆವು. ನಡುವಿನಿಂದಲೇ ನೀರನ್ನು ಕೊಳವೆಯಲ್ಲಿ ಒಯ್ದರೆ ನಮ್ಮ ಕೆರೆಗಳ ಗತಿಯೇನೆಂದು ನಾನು. ಕಾಲುವೆಯ ಕೊನೆಯಲ್ಲಿರುವ ನಮಗೆ ಇಷ್ಟು ವರ್ಷ ದಕ್ಕಿದ್ದೇನೆಂದು ಅವನು. ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ಆದ್ದರಿಂದಲೇ ಜಗಳ ಬಲವಾಯಿತು.

ಸಿಟ್ಟು ಇಳಿಯಲೆಂದು ನಾನು ಪುಸ್ತಕಭಂಡಾರವನ್ನು ಹೊಕ್ಕೆ. ಕೆರೆಗಳ ಮಾತು ಬಂದರೆ ನಾವೆಲ್ಲರೂ 'ನಮ್ಮ ಪೂರ್ವಿಕರು' ಎಂದು ಎದೆಯುಬ್ಬಿಸಿ ಭಾಷಣ ಮಾಡುತ್ತೇವೆ. ಉಬ್ಬಿಸಲು ಕಾರಣವೂ ಉಂಟು. 1866ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯೆಂಬವನು, ಈ ಸೀಮೆಯಲ್ಲಿ ಹೊಸದೊಂದು ಕೆರೆಗೆ ಜಾಗ ಹುಡುಕುವುದಕ್ಕೇ ಜಾಣತನ ಬೇಕೆಂಬರ್ಥದಲ್ಲಿ ಬರೆದಿದ್ದಾನೆ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರಾಚೆಯ ಕೆರೆಗೆ, ಹೀಗೆ ಸರಪಣಿಯಂತೆ ಕಟ್ಟಿದ ವ್ಯವಸ್ಥೆ ಅದು. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೊಂದು ಸಂಗತಿ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯ ಶಾಸನವಿದೆ, ಕಾಲ 1369. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ, ಬರಬಾರದ 6 ದೋಷಗಳನ್ನೂ ಅದು ಎಣಿಸಿ ಹೇಳುತ್ತದೆ. ಏರಿಯಿಂದ ನೀರು ಜಿನುಗುವುದು ಒಂದು ದೋಷ. ಚೌಳು ಮಣ್ಣು ಒಂದು. ನೀರು ಅಲ್ಪವಾಗಿದ್ದು ಭೂಮಿ ವಿಸ್ತಾರವಾಗಿರುವುದು ಇನ್ನೊಂದು. ಇವನ್ನು ಯಾವ ಇಂಜಿನಿಯರಾದರೂ ಹೇಳಿಯಾನು. ಆದರೆ ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದನ್ನೂ ಆ ಶಾಸನ ದೋಷಗಳ ಸಾಲಿಗೇ ಸೇರಿಸಿದೆ! ಏರಿ ಎಷ್ಟೇ ಭದ್ರವಾಗಿರಲಿ, ಎರಡೂ ದಡದವರು ಒಪ್ಪುವ ಯಜಮಾನನಿಲ್ಲದಿದ್ದರೆ ಕೆರೆ ಒಡೆದಂತೆಯೇ ಎಂಬುದು ಅವರಿಗೆ ತಿಳಿದಿತ್ತು.

ನೀರಿನ ಕಳವು ಯಾವ ದೇಶವನ್ನೂ ಬಿಟ್ಟಿದ್ದಲ್ಲ. ರೋಮ್ ನಗರದ ನೀರಿನ ಮೇಲ್ವಿಚಾರಣೆಗೆ ಕ್ರಿ.ಶ. 97ರಲ್ಲಿ ನೇಮಕವಾದ ಫ್ರಾಂಟಿನಸನು, ಜನರು ಕೊಳವೆಗಳಿಗೆ ಕದ್ದು ತೂತು ಹಾಕುತ್ತಿದ್ದುದನ್ನು ಬರೆದು ಗೋಳಾಡಿಕೊಂಡಿದ್ದಾನೆ. ನಮ್ಮಲ್ಲಿ ಆ ಮೇಲ್ವಿಚಾರಣೆ ಹಳ್ಳಿಹಳ್ಳಿಯ ನೀರುಗಂಟಿಯದು. ತೂಬೆತ್ತುವವನು ಅವನು, ಮುಚ್ಚುವವನು ಅವನು. ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟಿತೇ ಎಂದು ನಡುರಾತ್ರಿಯಲ್ಲಿ ಬದುವಿನ ಮೇಲೆ ನಡೆದು ನೋಡುವವನೂ ಅವನೇ. ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ ಧಾನ್ಯ ಅಳೆದು ಕೊಡುತ್ತಿದ್ದರು. ನಮ್ಮೂರಿನ ನೀರುಗಂಟಿಯು ಗೌಡರ ಮಡಿಗೂ ಸರದಿ ಬರುವತನಕ ನೀರು ಬಿಡುತ್ತಿರಲಿಲ್ಲವೆಂದು ನಮ್ಮ ತಾತ ಹೇಳುತ್ತಿದ್ದರು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಹಳೆಯ ಮೈಸೂರಿನ ಅನೇಕ ಊರುಗಳಲ್ಲಿ ನೀರುಗಂಟಿಯು ಅಸ್ಪೃಶ್ಯನೆನಿಸಿಕೊಂಡ ಮನೆಯವನು. ಊರಿಗೆಲ್ಲ ನೀರು ಹಂಚಿದ ಕೈ ಊರ ಬಾವಿಯ ಹಗ್ಗವನ್ನು ಮುಟ್ಟುವಂತಿರಲಿಲ್ಲ. ಆದ್ದರಿಂದ ಹಿಂದಿನದೆಲ್ಲವೂ ಚಿನ್ನ, ಅದೇ ಮರಳಿ ಬರಲಿ ಎನ್ನುವವರ ಗುಂಪಿಗೆ ನಾನು ಸೇರಲಾರೆ. ನನಗೆ ಬೇಕಾದದ್ದು ಆ ಕೆಲಸ, ಆ ಕಟ್ಟುಪಾಡಲ್ಲ.

ಈಗ ನಮ್ಮ ಜಗಳಕ್ಕೆ ಬರುತ್ತೇನೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷೆಯು ಮೊದಲು ನಮ್ಮ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ಹೊಕ್ಕು, ಮುಂದೆ ಹರಿದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಸೇರುತ್ತದೆ. ಕಡಬದ ಏರಿಯನ್ನು ಶ್ರೀರಾಮನೇ ಕಟ್ಟಿಸಿದನೆಂದು ಐತಿಹ್ಯ. ಯಾರಾದರೂ ಕಟ್ಟಿಸಿರಲಿ, ನಮ್ಮ ಕೋಡಿಯ ನೀರು ಕುಣಿಗಲ್ಲಿನ ದಾರಿ ಹಿಡಿದದ್ದು ನಿನ್ನೆ ಮೊನ್ನೆಯಲ್ಲ. ಹೇಮಾವತಿಯ ವಿಷಯದಲ್ಲಿ ನಾವು ಕಾಲುವೆಯ ಅಗಲ, ಕೊಳವೆಯ ಗಾತ್ರ, ಕೋಟಿಗಳ ಲೆಕ್ಕವನ್ನೇ ಆಡುತ್ತಿದ್ದೇವೆ. ತೂಬಿನ ಬಳಿ ನಿಂತು ಅಳೆಯುವವನು ಯಾರೆಂದು ಮಾತ್ರ ಕೇಳುತ್ತಿಲ್ಲ. ನನ್ನ ಅಭಿಪ್ರಾಯವಿಷ್ಟೆ: ಪ್ರತಿ ತಾಲ್ಲೂಕಿನ ಎಲ್ಲೆಯಲ್ಲಿ ಕಾಲುವೆಗೆ ಅಳತೆಗಲ್ಲು ನೆಡಲಿ, ದಿನದ ನೀರೆಷ್ಟೆಂದು ಎರಡೂ ಕಡೆಯ ರೈತರ ಮುಂದೆ ಓದಿ, ಪಂಚಾಯಿತಿಯ ಹಲಗೆಯ ಮೇಲೆ ಬರೆಯಲಿ. ಕೆರೆಗೊಬ್ಬ ನೀರುಗಂಟಿಯಿರಲಿ, ಜಾತಿ ಕೇಳದೆ ನೇಮಿಸಿ ತಿಂಗಳ ಸಂಬಳ ಕೊಡಲಿ. ಇಷ್ಟಾದ ಮೇಲೂ ಕುಣಿಗಲ್ಲಿನ ಪಾಲು ಕುಣಿಗಲ್ಲಿಗೆ ಮುಟ್ಟದಿದ್ದರೆ, ಕೊಳವೆ ಬೇಕೆನ್ನುವ ಮಿತ್ರನ ಪಕ್ಕದಲ್ಲಿ ನಾನೂ ನಿಲ್ಲುತ್ತೇನೆ. ಊರಿನಲ್ಲಿ ಇದನ್ನು ಹೇಳಿ ಈಗಾಗಲೇ ಬೈಸಿಕೊಂಡಿದ್ದೇನೆ.

ಇದನ್ನು ಓದಿದ ಮಿತ್ರನು, "ನಿನ್ನ ಅಳತೆಗಲ್ಲು ನೆಡುವಷ್ಟರಲ್ಲಿ ನಮ್ಮ ತೆಂಗು ಒಣಗಿರುತ್ತದೆ" ಎಂದ. ನಾನು ಉತ್ತರ ಕೊಡಲಿಲ್ಲ. ಬೇಸಗೆಯ ರಜೆಯಲ್ಲಿ ಕಡಬದಿಂದ ಮಾರ್ಕೋನಹಳ್ಳಿಯವರೆಗೆ ಶಿಂಷೆಯ ಜಾಡು ಹಿಡಿದು ಸೈಕಲ್ಲಿನಲ್ಲಿ ಹೋಗೋಣವೆಂದು ಇಬ್ಬರೂ ಗೊತ್ತುಮಾಡಿಕೊಂಡಿದ್ದೇವೆ. ಸೈಕಲ್ಲು ಅವನದು.